ಹತ್ತು ಮಿಲಿಮೀಟರಿನ ಗೋಲಿ

ಕೊನೆಯ ರೋಗಿ ಹೋದ ಮೇಲೆ
ಮಿರಜದ ಈ ನೆಲಮಾಳಿಗೆಯಲ್ಲಿ
ತಲೆ ಇಲ್ಲದ, ಕೈಕಾಲಿಲ್ಲದ ಒಬ್ಬನನ್ನು ಮಲಗಿಸುತ್ತೇವೆ.
ಪ್ಲಾಸ್ಟಿಕ್ಕಿನ ಮುಂಡ. ಹೊಟ್ಟೆ ತುಂಬ ನೀರು.
ನೀರಲ್ಲಿ ಆರು ಗಾಜಿನ ಗೋಲಿ,
ದೊಡ್ಡದು ನಿಂಬೆಹಣ್ಣಿನಷ್ಟು,
ಸಣ್ಣದು ಒಂದು ಒಣದ್ರಾಕ್ಷಿ.
ಮುಬೀನಾ ಬೆರಳಗೆಣ್ಣಿನಿಂದ ಬಡಿಯುತ್ತಾಳೆ,
ಗಾಳಿಗುಳ್ಳೆ ಏಳಲೆಂದು, ಕಿವಿಗೊಟ್ಟು,
ಅವಳ ಚಾಚಾ ಸಿತಾರಿನ ಬುರುಡೆ ಬಡಿದು ನೋಡುವ ಹಾಗೆ.

ಇವನಿಗೆ ನೋವಿಲ್ಲ, ಆಧಾರ್ ಕಾರ್ಡಿಲ್ಲ.
ಇವನ ಗಂಟುಗಳ ಅಳತೆ ನಮಗೆ ಮೊದಲೇ ಗೊತ್ತು;
ಯಂತ್ರದ ಸುಳ್ಳು ಇವನೆದುರು ನಡೆಯುವುದಿಲ್ಲ.

ಫ್ಲೋರಿನ್ ಬರುವುದು ಪುಣೆಯಿಂದ, ಸೀಸದ ಡಬ್ಬಿಯಲ್ಲಿ,
ಕರಾಡದ ಟೋಲಿನಲ್ಲಿ ನಿಂತಷ್ಟೂ ಕರಗುತ್ತ.
ಇಲ್ಲಿ ಇಳಿಸುವಾಗ ಹೊರಟದ್ದರ ಕಾಲುಪಾಲೂ ಇಲ್ಲ.
ಗ್ಯಾಲಿಯಮ್ ಮನೆಯದೇ.
ಮೂಲೆಯಲ್ಲಿ ಕಟ್ಟಿದ ಜರ್ಮೇನಿಯಮ್ ಆಕಳು,
ಬೆಳಗ್ಗೆ ಏಳಕ್ಕೆ ಹಿಂಡಿದರೆ
ಮಧ್ಯಾಹ್ನ ಮತ್ತೆ ಕೆಚ್ಚಲು ತುಂಬಿರುತ್ತದೆ.

ಎರಡರಲ್ಲೂ ಹುಟ್ಟುವುದು ಅದೇ ಕಣ.
ಹುಟ್ಟಿದ್ದು ಸುಮ್ಮನೆ ಕೂರುವುದಿಲ್ಲ. ಸ್ವಲ್ಪ ಅಡ್ಡಾಡಿ,
ಎದುರಾದ ಎಲೆಕ್ಟ್ರಾನನ್ನು ತಬ್ಬಿ ಇಲ್ಲವಾಗುತ್ತದೆ.
ಎರಡು ಬೆಳಕು ಬೆನ್ನಿಗೆ ಬೆನ್ನು ಹಾಕಿ ಓಡುತ್ತವೆ.
ನಾವು ಹಿಡಿಯುವುದು ಅದು ಸತ್ತ ಜಾಗ.
ಹುಟ್ಟಿದ ಜಾಗ ಯಾರೂ ನೋಡಿಲ್ಲ.
ಫ್ಲೋರಿನ್ನಿನದು ಹೊಸ್ತಿಲು ದಾಟದ ಕೂಸು,
ಗ್ಯಾಲಿಯಮ್ಮಿನದು ಓಣಿ ಸುತ್ತುವ ಹುಡುಗ,
ಎರಡು ಮೂರು ಮಿಲಿಮೀಟರು.
ಅಷ್ಟಕ್ಕೇ ಗೋಲಿಯ ಅಂಚು
ನೀರಿಗೆ ಬಿದ್ದ ಸುಣ್ಣದಂತೆ ಹರಡಿಕೊಳ್ಳುತ್ತದೆ.

ಸೋಮವಾರ, ಫ್ಲೋರಿನ್: ಆರೂ ಗೋಲಿ ಎಣಿಸಬಹುದು.
ಬುಧವಾರ, ಗ್ಯಾಲಿಯಮ್: ಐದು, ಮತ್ತೊಂದು ಅನುಮಾನ.
ಮುಬೀನಾ ಪರದೆಗೆ ಮೂಗು ಹಚ್ಚಿ "ಅದ" ಅಂದಳು.
ಇಟ್ಟವರ ಕಣ್ಣನ್ನು ನಂಬಬಾರದು, ಅಂದೆ.
ಕಾಗದದ ಕೊನೆಯ ಸಾಲು: ಉತ್ತಮ ಯಾವುದು?
ಫ್ಲೋರಿನ್ ಎಂದು ಬರೆದು ದೀಪ ಆರಿಸಿದೆ.

ಗುರುವಾರ ಲಗಮವ್ವ ಬಂದಳು, ಉಮದಿಯಿಂದ,
ಜತ್ತದಲ್ಲಿ ಬಸ್ಸು ಬದಲಿಸಿ.
ಹೋದ ತಿಂಗಳ ಚಿತ್ರ ಬಟ್ಟೆಯಂಗಡಿಯ ಚೀಲದಲ್ಲಿತ್ತು:
ಫ್ಲೋರಿನ್ ಹಚ್ಚಿದ ಸಕ್ಕರೆಯದು, ಕನ್ನಡಿಯಷ್ಟು ನಿಚ್ಚಳ.
ಮಿದುಳು ಕರ್ರಗೆ, ಮೂತ್ರಕೋಶ ಕರ್ರಗೆ.
ಅವಳನ್ನು ಎರಡು ವರ್ಷ ಕಾಡಿದ್ದು ಎಲ್ಲೂ ಇಲ್ಲ.
ಕೆಲವು ಗಂಟುಗಳಿಗೆ ಸಕ್ಕರೆ ಸೇರುವುದಿಲ್ಲ.

ಅವತ್ತು ಅದೇ ಓಣಿ ಸುತ್ತುವ ಹುಡುಗ
ಮೇದೋಜೀರಕದ ಬಾಲದ ಹತ್ತಿರ ಒಂದು ಬಾಗಿಲು ತಟ್ಟಿದ.
ತೆರೆಯಿತು.
ಅಂಚಿಲ್ಲದ ಕರಿ ಚುಕ್ಕೆ, ಒಣದ್ರಾಕ್ಷಿಯಷ್ಟು.
ನನ್ನ ಕಾಗದದ ಪ್ರಕಾರ ಅದು ಕಾಣಬಾರದಿತ್ತು.
ನಾವು ಗೋಲಿಗೆ ತುಂಬಿದ್ದು ಸುತ್ತಲ ನೀರಿನ ನಾಲ್ಕು ಪಟ್ಟು;
ಅವಳ ಗಂಟು ಕುಡಿದದ್ದು ಮೂವತ್ತು ಪಟ್ಟು.

"ಎರಡರಾಗ ಯಾವ ಫೋಟೋ ಖರೆ, ಬಾಯಿ?"
ನಾನು ಕಣದ ಕಥೆ ಶುರು ಮಾಡಿದೆ.
ಅವಳದು ಹದಿನೆಂಟು ವರ್ಷ ಬೇದಾಣೆ ಆರಿಸಿದ ಕೈ.
"ಜರಡಿ ಸಣ್ಣದು ದೊಡ್ಡದು ಹೇಳತೈತಿ,
ಹುಳಿ ಸಿಹಿ ಹೇಳಂಗಿಲ್ಲ" ಅಂದಳು,
ಮತ್ತೆ ಸಂಡಾಸು ಎಲ್ಲಿ ಅಂತ ಕೇಳಿದಳು.

ಅರವತ್ತೆಂಟು ನಿಮಿಷಕ್ಕೆ ಅರ್ಧ ಆಗುತ್ತದೆ,
ಅಲ್ಲಿಯವರೆಗೆ ಕೂತಿರು, ಅಂದೆ.
"ಅರ್ಧದ ಅರ್ಧ, ಅದರ ಅರ್ಧ... ಮುಗಿಯೂದು ಯಾವಾಗ?"
ಮುಗಿಯುವುದಿಲ್ಲ, ಆದರೆ ಐದೂವರೆಯ ಬಸ್ಸಿಗೆ ಸಾಕು.
ನಕ್ಕಳು. ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿದಳು.

ಸಂಜೆ ಆ ಕಾಗದ ಮತ್ತೆ ತೆಗೆದೆ.
ಫ್ಲೋರಿನ್ ಎಂದದ್ದನ್ನು ಹೊಡೆಯಲಿಲ್ಲ, ಅದು ಸುಳ್ಳಲ್ಲ.
ಪಕ್ಕದಲ್ಲಿ ಒಂದು ಬೆರಳಷ್ಟು ಜಾಗವಿತ್ತು.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ,
ಆಮೇಲೆ ಸೇರಿಸಿದೆ:
ನೀರಿನಲ್ಲಿ.